ಆಫ್ರಿಕಾದ ಬಿಸಿಲು, ಮಳೆ, ಕರೆಂಟಿಗೆ ತಕ್ಕ ಲಿಥಿಯಂ ಸೋಲಾರ್ ಬ್ಯಾಟರಿ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಲಾಗೋಸ್, ನೈರೋಬಿ, ಲುಸಾಕಾ, ಜೋಹಾನ್ಸ್‌ಬರ್ಗ್ ಕಡೆ ಕೆಲಸಕ್ಕೆ ಹೋದ ನಮ್ಮವರು ಮನೆ ಹಿಡಿದ ಮೇಲೆ ಮೊದಲು ಕೇಳುವುದೇ ಕರೆಂಟಿನ ಬಗ್ಗೆ. ನೈಜೀರಿಯಾದಲ್ಲಿ 2023ರ ಮೇ ತಿಂಗಳ ಕೊನೆಗೆ ಪೆಟ್ರೋಲ್ ಸಬ್ಸಿಡಿ ಹೋಯಿತು. ಜನರೇಟರ್ ಓಡಿಸುವ ಖರ್ಚು ಕೈಗೆ ಸಿಗದಂತಾಯಿತು. 2024ರ ಏಪ್ರಿಲ್‌ನಲ್ಲಿ 'ಬ್ಯಾಂಡ್ ಎ' ಗ್ರಾಹಕರ (ದಿನಕ್ಕೆ ಕನಿಷ್ಠ 20 ಗಂಟೆ ಕರೆಂಟು ಸಿಗಬೇಕಾದವರ) ದರ ಯೂನಿಟ್‌ಗೆ 225 ನೈರಾಕ್ಕೆ ಏರಿತು. ಜಾಂಬಿಯಾದಲ್ಲಿ ಅದೇ ವರ್ಷ ಬರ ಬಂದು, ಕರೆಂಟು ತಯಾರಿಸುವ ಕರೀಬಾ ಜಲಾಶಯದ ನೀರು ತೀರಾ ಇಳಿಯಿತು, ದಿನದ ಬಹುಪಾಲು ಹೊತ್ತು ಕರೆಂಟಿಲ್ಲದೆ ಜನ ಬದುಕಿದರು. ದಕ್ಷಿಣ ಆಫ್ರಿಕಾಕ್ಕೆ 2023 ಲೋಡ್ ಶೆಡ್ಡಿಂಗಿನ ಅತಿ ಕೆಟ್ಟ ವರ್ಷವಾಗಿತ್ತು. ಹಾಗಾಗಿ ಸೋಲಾರ್ ಜೊತೆ ಲಿಥಿಯಂ ಬ್ಯಾಟರಿ ಈಗ ಅಲ್ಲಿ ಶ್ರೀಮಂತರ ವಸ್ತುವಾಗಿ ಉಳಿದಿಲ್ಲ.

ಆದರೆ ಆರಿಸುವಾಗ ಹೆಚ್ಚಿನವರು ನೋಡುವುದು ಎರಡೇ: ಡಬ್ಬದ ಮೇಲಿನ '6000 ಸೈಕಲ್' ಮತ್ತು ಬೆಲೆ. ಒಂದು ಸಲ ತುಂಬಿ ಖಾಲಿಯಾದರೆ ಒಂದು ಸೈಕಲ್. ಆ 6000 ಸೈಕಲ್ ಸಾಮಾನ್ಯವಾಗಿ 25 ಡಿಗ್ರಿ ಪ್ರಯೋಗಾಲಯದ ಲೆಕ್ಕ. ನಿಮ್ಮ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನಿಸುವುದು ಬೇರೆ ಮೂರು ವಿಷಯ. ಅದನ್ನು ಇಡುವ ಜಾಗದ ಸೆಕೆ, ನಿಮ್ಮ ಬೀದಿಯಲ್ಲಿ ಕರೆಂಟು ಹೋಗಿಬರುವ ರೀತಿ, ಮತ್ತು ಕೆಟ್ಟಾಗ ಬಂದು ತೆರೆದು ನೋಡುವ ಮನುಷ್ಯ ನಿಮ್ಮ ಊರಲ್ಲೇ ಇದ್ದಾನೋ ಇಲ್ಲವೋ ಎನ್ನುವುದು. ಈ ಮಾರ್ಗದರ್ಶಿ ಇವುಗಳ ಸುತ್ತಲೇ ಇದೆ.

ಹೆಜ್ಜೆ 1: ಕರೆಂಟು ಹೇಗೆ ಹೋಗುತ್ತದೆ, ಬರೆದಿಡಿ

ಎರಡು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕಿ. ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಬಂದಾಗ ವೋಲ್ಟೇಜ್ ಎಷ್ಟಿತ್ತು. ಅಗ್ಗಕ್ಕೆ ಸಿಗುವ ಪ್ಲಗ್ ವೋಲ್ಟ್‌ಮೀಟರ್ ಸಾಕು.

ಇದು ಯಾಕೆ ಮುಖ್ಯ ಅಂದರೆ, ಪ್ರತಿ ಊರಿನ ಕತೆ ಬೇರೆ. ಜೋಹಾನ್ಸ್‌ಬರ್ಗ್‌ನ ಲೋಡ್ ಶೆಡ್ಡಿಂಗ್ ಎರಡು ಗಂಟೆ, ನಾಲ್ಕು ಗಂಟೆಯ ಪಾಳಿಯಲ್ಲಿ ಬರುತ್ತಿತ್ತು. ಅಲ್ಲಿ ಚಿಕ್ಕ ಬ್ಯಾಟರಿ ಸಾಕು, ಆದರೆ ಎರಡು ಪಾಳಿಯ ನಡುವೆ ಬೇಗ ತುಂಬಬೇಕು. ಲುಸಾಕಾದ 2024ರಂಥ ಪರಿಸ್ಥಿತಿಯಲ್ಲಿ ಗ್ರಿಡ್ಡನ್ನು ಲೆಕ್ಕಕ್ಕೇ ಹಿಡಿಯಬಾರದು, ಪ್ಯಾನೆಲ್‌ನಿಂದಲೇ ಬ್ಯಾಟರಿ ತುಂಬಬೇಕು. ಲಾಗೋಸ್‌ನಲ್ಲಿ ಕರೆಂಟು ಬರುತ್ತದೆ, ಆದರೆ 160 ವೋಲ್ಟ್ ಆಗಿಯೂ ಬರಬಹುದು, 270 ಆಗಿಯೂ ಬರಬಹುದು. ಅಂಥ ಕಡೆ ಬ್ಯಾಟರಿಗಿಂತ ಮೊದಲು ಇನ್ವರ್ಟರ್ ಸುಡುತ್ತದೆ. ಗ್ರಿಡ್ ಇನ್‌ಪುಟ್‌ಗೆ, ವೋಲ್ಟೇಜ್ ತೀರಾ ಏರಿದಾಗ ಇಳಿದಾಗ ತಾನೇ ಕರೆಂಟು ಕತ್ತರಿಸುವ ಒಂದು ಆಟೋಮ್ಯಾಟಿಕ್ ವೋಲ್ಟೇಜ್ ಸ್ವಿಚ್ಚರ್ ಹಾಕುವ ಖರ್ಚನ್ನು ಬಜೆಟ್‌ನಲ್ಲಿ ಈಗಲೇ ಸೇರಿಸಿಬಿಡಿ. ಕರೆಂಟು ಮರಳಿ ಬರುವ ಆ ಕ್ಷಣದಲ್ಲೇ ಜಾಸ್ತಿ ಹಾನಿ ಆಗುವುದು.

ಹೆಜ್ಜೆ 2: ಇಡೀ ದಿನದ ಲೆಕ್ಕ ಬೇಡ, ರಾತ್ರಿಯ ಲೆಕ್ಕ ಮಾಡಿ

ಹಗಲಲ್ಲಿ ಪ್ಯಾನೆಲ್ ನೇರವಾಗಿ ಮನೆ ನಡೆಸುತ್ತದೆ. ಬ್ಯಾಟರಿಯ ಕೆಲಸ ಸಂಜೆ ಆರರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ, ಅಂದರೆ ಹದಿನಾಲ್ಕು ಗಂಟೆ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ಹಾಗಾಗಿ ಈ ಲೆಕ್ಕ ಲಾಗೋಸ್, ಕಂಪಾಲಾ, ನೈರೋಬಿಯಲ್ಲಿ ಹನ್ನೆರಡೂ ತಿಂಗಳು ನಿಲ್ಲುತ್ತದೆ.

ಲಾಗೋಸ್‌ನ ಎರಡು ಬೆಡ್‌ರೂಮಿನ ಒಂದು ಸಾಧಾರಣ ಮನೆ ತೆಗೆದುಕೊಳ್ಳೋಣ. 60 ವ್ಯಾಟಿನ ಮೂರು ಫ್ಯಾನ್ ಹತ್ತು ಗಂಟೆ ತಿರುಗಿದರೆ 1.8 ಯೂನಿಟ್ (ಬ್ಯಾಟರಿ ಡಬ್ಬದ ಮೇಲೆ ಇದನ್ನೇ ಕಿಲೋವ್ಯಾಟ್-ಅವರ್, kWh ಎಂದು ಬರೆದಿರುತ್ತಾರೆ). ಫ್ರಿಜ್ ರಾತ್ರಿ ಪಾಲು 0.7. ಹತ್ತು ಎಲ್‌ಇಡಿ ದೀಪ ಐದು ಗಂಟೆ, 0.45. ಟಿವಿ 0.3. ರೂಟರ್ 0.2. ಲ್ಯಾಪ್‌ಟಾಪ್ 0.2. ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆದರೆ ಇನ್ವರ್ಟರ್ ತಾನೇ ತಿನ್ನುವುದನ್ನೂ ಸೇರಿಸಬೇಕು. 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್ ಸುಮ್ನೆ ಆನ್ ಆಗಿ ಕೂತಿದ್ದರೂ 60 ವ್ಯಾಟ್ ಆಸುಪಾಸು ಎಳೆಯುತ್ತದೆ. ಹದಿನಾಲ್ಕು ಗಂಟೆಗೆ 0.84 ಯೂನಿಟ್, ಫ್ರಿಜ್ಜಿಗಿಂತ ಹೆಚ್ಚು! ಒಟ್ಟು ಸುಮಾರು 4.5 ಯೂನಿಟ್.

ಈಗ ಇದನ್ನು 0.74ರಿಂದ ಭಾಗಿಸಿ. ಬ್ಯಾಟರಿಯ ಶೇ. 80ರಷ್ಟನ್ನೇ ದಿನಾ ಬಳಸಿದರೆ ಒಳ್ಳೆಯದು, ಅದರಲ್ಲೂ ಇನ್ವರ್ಟರಿನಲ್ಲಿ ಶೇ. 8ರಷ್ಟು ಸೋರುತ್ತದೆ, ಅದರಿಂದ ಬಂದ ಸಂಖ್ಯೆ ಇದು. ಸಿಗುವ ಉತ್ತರ 6.1 ಯೂನಿಟ್. ಮಾರುಕಟ್ಟೆಯಲ್ಲಿ ಸಿಗುವ 5.12 ಯೂನಿಟ್‌ನ ಒಂದು ಬ್ಯಾಟರಿ ಸ್ವಲ್ಪದರಲ್ಲಿ ಸಾಲದು. ಎರಡು ಹಾಕಿದರೆ ನಿಶ್ಚಿಂತೆ, ಜೊತೆಗೆ ಒಂದು ಕೆಟ್ಟರೂ ಇನ್ನೊಂದು ಮನೆ ನಡೆಸುತ್ತದೆ. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಡಿಭಾಗ ಸಮುದ್ರ ದಾಟಿ ಬರಬೇಕಾದ ದೇಶಗಳಲ್ಲಂತೂ ಇನ್ನೂ ಹೌದು.

ರಾತ್ರಿ ಏಳು ಗಂಟೆ ಒಂದು ಹಾರ್ಸ್‌ಪವರಿನ ಇನ್ವರ್ಟರ್ ಎಸಿ ಬೇಕೆಂದರೆ ಇನ್ನೂ 4.2 ಯೂನಿಟ್ ಸೇರಿಸಿ. ಆಗ ಬ್ಯಾಟರಿ 12 ಯೂನಿಟ್ ಹತ್ತಿರ ಹೋಗುತ್ತದೆ. ಅಂಥವರು 280 ಆಂಪಿಯರ್-ಅವರ್ ಸೆಲ್‌ಗಳ 14.3 ಯೂನಿಟ್‌ನ ಬ್ಯಾಟರಿ ಕಡೆ ನೋಡಬಹುದು.

ಪ್ಯಾನೆಲ್ ಮರೆಯಬೇಡಿ. ಲಾಗೋಸ್‌ನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ, ನಷ್ಟ ಕಳೆದು ಒಂದು ಕಿಲೋವ್ಯಾಟ್ ಪ್ಯಾನೆಲ್ ಮೂರು ಯೂನಿಟ್ ಕೊಡುತ್ತದೆ. ಹಗಲು ರಾತ್ರಿ ಸೇರಿ 8.5 ಯೂನಿಟ್ ಬೇಕಿದ್ದರೆ 550 ವ್ಯಾಟಿನ ಐದು ಪ್ಯಾನೆಲ್ ಹತ್ತಿರಹತ್ತಿರ ಸಾಕಾಗುತ್ತದೆ, ಆದರೆ ಆರು ಹಾಕಿ. ಜೂನ್ ಮಳೆಗೂ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಧೂಳಿಗೂ ಆ ಒಂದು ಜಾಸ್ತಿ ಪ್ಯಾನೆಲ್ ಬೇಕೇ ಬೇಕು. ಪ್ಯಾನೆಲ್ ಕಡಿಮೆಯಾಗಿ ದಿನವೂ ಅರ್ಧಂಬರ್ಧ ತುಂಬುವ ದೊಡ್ಡ ಬ್ಯಾಟರಿಗೆ ಹಾಕಿದ ದುಡ್ಡು ದಂಡ.

ಹೆಜ್ಜೆ 3: ಬ್ಯಾಟರಿ ಇಡುವ ಜಾಗದ ಸೆಕೆ ಅಳೆಯಿರಿ

ಬ್ಯಾಟರಿ ಕೊಳ್ಳುವ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಬ್ಯಾಟರಿ ಇಡಬೇಕೆಂದಿರುವ ಗೋಡೆಯ ಮೇಲೆ ಅದನ್ನು ತೂಗುಹಾಕಿ ಮಧ್ಯಾಹ್ನ ಮೂರಕ್ಕೆ ನೋಡಿ.

ಸೆಲ್ ಒಳಗಿನ ರಾಸಾಯನಿಕ ಕ್ರಿಯೆ ಸೆಕೆ ಹೆಚ್ಚಿದಷ್ಟೂ ಜೋರಾಗುತ್ತದೆ. ನಾವು ಬಯಸುವ ಕ್ರಿಯೆ ಮಾತ್ರ ಅಲ್ಲ, ಸೆಲ್ಲನ್ನು ಸವೆಸುವ ಕ್ರಿಯೆಯೂ ಸಹ. ಹತ್ತು ಡಿಗ್ರಿ ಏರಿದರೆ ಸವೆತ ಸುಮಾರು ಎರಡರಷ್ಟು ಎನ್ನುವುದು ಈ ಕ್ಷೇತ್ರದವರು ಬಳಸುವ ಅಂದಾಜು. ಚಾರ್ಜ್ ಆಗುವಾಗ ಸೆಲ್ ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗುತ್ತದೆ. ಕೋಣೆ 38 ಇದ್ದರೆ ಸೆಲ್ 45 ಮುಟ್ಟುವುದು ಕಷ್ಟವಲ್ಲ. ಬಹಳಷ್ಟು ಬ್ಯಾಟರಿಗಳು ಅಲ್ಲಿಂದ ಮೇಲೆ ಚಾರ್ಜಿಂಗ್ ವೇಗ ಇಳಿಸುತ್ತವೆ, 50ರಿಂದ 55ರ ನಡುವೆ ಪೂರ್ತಿ ನಿಲ್ಲಿಸುತ್ತವೆ. ಅಂದರೆ ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಬ್ಯಾಟರಿ ತುಂಬಲು ಒಪ್ಪುವುದಿಲ್ಲ. 'ಪ್ಯಾನೆಲ್ ಸರಿ ಇಲ್ಲ' ಎಂದು ದೂರುವ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಇದೇ.

ಕಾನೋ, ನಿಯಾಮೆ, ಖಾರ್ಟೂಮ್ ಕಡೆ ಏಪ್ರಿಲ್-ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ. ಲಾಗೋಸ್, ಅಕ್ರಾ, ಮೊಂಬಾಸಾ ಅಷ್ಟು ಸುಡುವುದಿಲ್ಲ, ಆದರೆ ರಾತ್ರಿಯೂ ತಂಪಾಗುವುದಿಲ್ಲ. ಮಂಗಳೂರಿನ ಏಪ್ರಿಲ್ ಸೆಕೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹವೆ ಬ್ಯಾಟರಿಗೆ ಹೇಳಿ ಮಾಡಿಸಿದಂತಿದೆ. ಆದರೂ ಮಾಬಾಟಿ ಎನ್ನುವ ತಗಡಿನ ಸೂರಿನ ಕೆಳಗಿನ ಸ್ಟೋರ್ ರೂಮಿನಲ್ಲಿಟ್ಟರೆ ಆ ಅನುಕೂಲವೆಲ್ಲ ಹೋಯಿತು. ಹೀಗಾಗಿ ದೇಶ ನೋಡಿ ತೀರ್ಮಾನಿಸಬೇಡಿ, ಗೋಡೆ ನೋಡಿ.

ಜಾಗ ಹೀಗಿರಲಿ: ಪಶ್ಚಿಮದ ಬಿಸಿಲು ಬೀಳದ ಗೋಡೆ, ಕೆಳಗೂ ಮೇಲೂ ಗಾಳಿಕಿಂಡಿ, ಬ್ಯಾಟರಿಯ ಸುತ್ತ ಒಂದು ಗೇಣು ಖಾಲಿ ಜಾಗ, ಇನ್ವರ್ಟರಿನ ಬಿಸಿಗಾಳಿ ನೇರ ಅದರ ಮೇಲೆ ಬೀಳದ ಹಾಗೆ. ಜನರೇಟರ್ ಶೆಡ್ಡಿನಲ್ಲಿ ಇಡಬೇಡಿ. ಮಲಗುವ ಕೋಣೆ, ಮೆಟ್ಟಿಲ ಕೆಳಗೆ, ಹೊರಗೆ ಓಡುವ ದಾರಿಯಲ್ಲಿ ಯಾವ ಲಿಥಿಯಂ ಬ್ಯಾಟರಿಯೂ ಬೇಡ. ಲಾಗೋಸ್‌ನ ಲೆಕ್ಕಿ, ಅಜಾ ಕಡೆ ಮಳೆಗಾಲದಲ್ಲಿ ನೀರು ಮನೆಯೊಳಗೆ ಬರುತ್ತದೆ, ಅಲ್ಲಿ ನೆಲದಿಂದ ಎರಡು ಅಡಿಯಾದರೂ ಮೇಲಿಡಿ.

ತಣ್ಣಗಿನ ಊರಿಗೂ ಒಂದು ಎಚ್ಚರಿಕೆ ಇದೆ. ಲೆಸೊಥೊದಲ್ಲಿ, ಜೋಹಾನ್ಸ್‌ಬರ್ಗ್ ಸುತ್ತಲಿನ ಹೈವೆಲ್ಡ್ ಎಂಬ ಎತ್ತರದ ಬಯಲಿನಲ್ಲಿ, ಅಲ್ಲಿನ ಚಳಿಗಾಲವಾದ ಜೂನ್-ಜುಲೈ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಶಾಶ್ವತ ಹಾನಿ. ಹೊರಗಿನ ಗ್ಯಾರೇಜಿನಲ್ಲಿ ಇಡುವವರು ಬಿಎಂಎಸ್‌ನಲ್ಲಿ (ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬೋರ್ಡು) ಕಡಿಮೆ ಉಷ್ಣತೆಯ ಚಾರ್ಜ್ ತಡೆ ಇದೆಯೇ ಎಂದು ಕೇಳಲೇಬೇಕು.

ಹೆಜ್ಜೆ 4: ಎಲ್‌ಎಫ್‌ಪಿ ಬಿಟ್ಟು ಬೇರೆ ಬೇಡ, 48 ವೋಲ್ಟಿಗಿಂತ ಕೆಳಗೆ ಬೇಡ

ಮನೆಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಆರಿಸಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಬರುವ ನಿಕ್ಕಲ್-ಕೋಬಾಲ್ಟ್ ಜಾತಿಗಿಂತ ಇದು ಭಾರ, ಆದರೆ ಹೆಚ್ಚು ಸೆಕೆ ತಡೆಯುತ್ತದೆ, ಬೆಂಕಿ ಹಿಡಿಯುವ ಅಪಾಯ ಕಡಿಮೆ, ಸೈಕಲ್ ಜಾಸ್ತಿ. ಹಳೆ ಲ್ಯಾಪ್‌ಟಾಪ್ ಸೆಲ್‌ಗಳನ್ನು ಬೆಸೆದು ಮಾಡಿದ ಅಗ್ಗದ ಪ್ಯಾಕ್‌ಗಳು ಅಲ್ಲಿನ ಮಾರುಕಟ್ಟೆಗಳಲ್ಲಿ ಸಿಗುತ್ತವೆ. ಮಕ್ಕಳಿರುವ ಮನೆಗೆ ಅದನ್ನು ತರಬೇಡಿ.

ವೋಲ್ಟೇಜ್ ಇಳಿದಷ್ಟೂ ಅಷ್ಟೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಹರಿಯಬೇಕು, ಅದಕ್ಕೇ 48ಕ್ಕಿಂತ ಕೆಳಗೆ ಬೇಡ ಅಂದದ್ದು. ಒಂದು ಎಲ್‌ಎಫ್‌ಪಿ ಸೆಲ್ 3.2 ವೋಲ್ಟ್. ಹದಿನಾರು ಸೆಲ್ ಸೇರಿದರೆ 51.2 ವೋಲ್ಟ್. ಕೆಲವು ಬ್ಯಾಟರಿಗಳಲ್ಲಿ ಹದಿನೈದೇ ಸೆಲ್, 48 ವೋಲ್ಟ್. ಎರಡನ್ನೂ '48 ವೋಲ್ಟ್ ಬ್ಯಾಟರಿ' ಎಂದೇ ಮಾರುತ್ತಾರೆ. ಚಾರ್ಜಿಂಗ್ ವೋಲ್ಟೇಜ್ ಮಾತ್ರ ಬೇರೆ ಬೇರೆ, ಹಾಗಾಗಿ ಎರಡನ್ನೂ ಒಂದೇ ಸಾಲಿಗೆ ಜೋಡಿಸಬಾರದು. ಹಳೆಯದೊಂದು ಇದ್ದು ಹೊಸದು ಸೇರಿಸುವವರು ಸೆಲ್ ಸಂಖ್ಯೆ ಕೇಳಿಯೇ ದುಡ್ಡು ಕೊಡಿ.

ಸೀಸದ ಟ್ಯೂಬುಲರ್ ಬ್ಯಾಟರಿ ತೆಗೆದು ಅದೇ ಇನ್ವರ್ಟರಿಗೆ ಲಿಥಿಯಂ ಹಾಕುವವರು ಬಹಳ. ಹಳೆ ಇನ್ವರ್ಟರಿನಲ್ಲಿ 'ಈಕ್ವಲೈಸ್' ಎಂಬ ಹೆಚ್ಚು ವೋಲ್ಟೇಜಿನ ಚಾರ್ಜ್ ಇರುತ್ತದೆ. ಸೀಸದ ಬ್ಯಾಟರಿಗೆ ಅದು ಮದ್ದು, ಲಿಥಿಯಂಗೆ ವಿಷ. ಅದನ್ನು ಆಫ್ ಮಾಡಲು ಆಗದ ಇನ್ವರ್ಟರ್ ಆದರೆ ಇನ್ವರ್ಟರ್ ಸಹಿತ ಬದಲಿಸಿ.

ಹೆಜ್ಜೆ 5: ಬಿಎಂಎಸ್ ಎಷ್ಟು ಆಂಪಿಯರ್, ಇನ್ವರ್ಟರ್ ಜೊತೆ ಮಾತಾಡುತ್ತದೆಯೇ

ಬ್ಯಾಟರಿಯ ಒಳಗೆ ಸೆಲ್‌ಗಳನ್ನು ಕಾಯುವ ಬೋರ್ಡೇ ಬಿಎಂಎಸ್. 100 ಆಂಪಿಯರ್ ಬಿಎಂಎಸ್ ಇದ್ದರೆ ನಿರಂತರವಾಗಿ ಸುಮಾರು 5 ಕಿಲೋವ್ಯಾಟ್ ಸಿಗುತ್ತದೆ. 50 ಆಂಪಿಯರ್ ಇದ್ದರೆ ಅದರರ್ಧ. ಒಂದು ಹಾರ್ಸ್‌ಪವರಿನ ಬೋರ್‌ವೆಲ್ ಪಂಪು ಶುರುವಾಗುವಾಗ ಒಂದು ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಚಿಕ್ಕ ಬಿಎಂಎಸ್ ಆಗ ಇಡೀ ಮನೆಯ ಕರೆಂಟು ಆರಿಸಿಬಿಡುತ್ತದೆ. ಪಂಪು ಇರುವವರು ಇದನ್ನು ಕೇಳದೆ ಕೊಳ್ಳಬೇಡಿ. ಸಾಧ್ಯವಿದ್ದರೆ ಪಂಪನ್ನು ಹಗಲಲ್ಲೇ ಓಡಿಸಿ.

ಎರಡನೆಯದು ಕ್ಯಾನ್ (CAN) ಅಥವಾ ಆರ್‌ಎಸ್ 485 ಎಂಬ ಮಾಹಿತಿ ಕೇಬಲ್ಲಿನ ಸಂಪರ್ಕ. ಎಲ್‌ಎಫ್‌ಪಿ ಬ್ಯಾಟರಿಯ ವೋಲ್ಟೇಜ್ ಶೇ. 80ರಲ್ಲೂ ಶೇ. 30ರಲ್ಲೂ ಹೆಚ್ಚುಕಡಿಮೆ ಒಂದೇ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಇನ್ವರ್ಟರ್ ಹೇಳಲಾರದು. ಎಣಿಸಿ ಇಟ್ಟುಕೊಂಡಿರುವುದು ಬಿಎಂಎಸ್, ಅದು ಕೇಬಲ್ ಮೂಲಕ ಇನ್ವರ್ಟರಿಗೆ ತಿಳಿಸಬೇಕು. ಈ ಸಂಪರ್ಕ ಇಲ್ಲದೆ ಕೂಡ ಬ್ಯಾಟರಿ ನಡೆಯುತ್ತದೆ, ಆದರೆ ಸೆಕೆಯಲ್ಲಿ 'ಚಾರ್ಜ್ ನಿಧಾನ ಮಾಡು' ಎನ್ನುವ ಬಿಎಂಎಸ್‌ನ ಮಾತು ಇನ್ವರ್ಟರಿಗೆ ತಲುಪುವುದಿಲ್ಲ. ಆಗ ಬಿಎಂಎಸ್ ನೇರ ಕಟ್ ಮಾಡುತ್ತದೆ. ನಿಮ್ಮ ಇನ್ವರ್ಟರ್ ಮಾಡೆಲ್ ಹೆಸರು ಬ್ಯಾಟರಿ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಇರಲಿ. ಅಂಗಡಿಯವನ ಬಾಯಿಮಾತು ಸಾಲದು.

ಆಡಿಸ್ ಅಬಾಬಾದಂಥ 2,000 ಮೀಟರ್ ದಾಟಿದ ಊರಿನವರು ಇನ್ವರ್ಟರಿನ ಎತ್ತರದ ಮಿತಿಯನ್ನೂ ನೋಡಿ. ತೆಳು ಗಾಳಿಯಲ್ಲಿ ಅದು ಸರಿಯಾಗಿ ತಣಿಯುವುದಿಲ್ಲ.

ಹೆಜ್ಜೆ 6: ವಾರಂಟಿ ಕಾಗದವನ್ನು ಕೂತು ಓದಿ

'10 ವರ್ಷ ವಾರಂಟಿ' ಎಂಬ ದಪ್ಪಕ್ಷರದ ಕೆಳಗೆ ಸಣ್ಣಕ್ಷರ ಇರುತ್ತದೆ. ಅದರಲ್ಲಿ ನಾಲ್ಕು ವಿಷಯ ಹುಡುಕಿ.

ಒಂದು, ಒಟ್ಟು ಯೂನಿಟ್ ಮಿತಿ. '10 ವರ್ಷ ಅಥವಾ 16,000 ಯೂನಿಟ್, ಯಾವುದು ಮೊದಲೋ ಅದು' ಎಂದು ಬರೆದಿದೆ ಎನ್ನಿ. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 4.4 ಯೂನಿಟ್. 5.12 ಯೂನಿಟ್‌ನ ಬ್ಯಾಟರಿಯನ್ನು ದಿನಕ್ಕೆ ಎರಡು ಸಲ ಖಾಲಿ ಮಾಡುವವರಿಗೆ ಈ ವಾರಂಟಿ ಐದಾರು ವರ್ಷದಲ್ಲೇ ಮುಗಿಯುತ್ತದೆ. ಎರಡು, ಕೋಣೆಯ ಉಷ್ಣತೆಯ ಮಿತಿ. 35 ಅಥವಾ 40 ಡಿಗ್ರಿ ದಾಟಿದರೆ ವಾರಂಟಿ ಇಲ್ಲ ಎಂದಿದ್ದರೆ, ಬಿಎಂಎಸ್ ಒಳಗೆ ಉಷ್ಣತೆ ದಾಖಲಾಗುತ್ತದೆ ಎಂಬುದು ನೆನಪಿರಲಿ. ಮೂರು, ಕೊನೆಗೆ ಎಷ್ಟು ಸಾಮರ್ಥ್ಯ ಉಳಿದಿರಬೇಕು, ಶೇ. 60 ಅಥವಾ 70 ಅಥವಾ 80. ನಾಲ್ಕು, ಕೆಟ್ಟರೆ ಎಲ್ಲಿಗೆ ಕಳಿಸಬೇಕು.

ಆ ನಾಲ್ಕನೆಯದೇ ನನ್ನ ಮಟ್ಟಿಗೆ ದೊಡ್ಡದು. ಲಿಥಿಯಂ ಬ್ಯಾಟರಿ ಸಾಗಾಣಿಕೆಯ ನಿಯಮದಲ್ಲಿ ಅಪಾಯಕಾರಿ ಸರಕು. 45 ಕಿಲೋ ತೂಕದ ಕೆಟ್ಟ ಬ್ಯಾಟರಿಯನ್ನು ಚೀನಾಕ್ಕೋ ದುಬೈಗೋ ಕಳಿಸುವ ಖರ್ಚು, ತೊಡಕು ಎರಡೂ ಸಾಮಾನ್ಯ ಮನುಷ್ಯನ ಕೈಮೀರಿದ್ದು. ಹಾಗಾಗಿ ಅದೇ ದೇಶದಲ್ಲಿ ಸರ್ವಿಸ್ ಕೇಂದ್ರ ಇರುವ ಕಂಪನಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಲಾಭವೇ. ದಕ್ಷಿಣ ಆಫ್ರಿಕಾದಲ್ಲಿ ಫ್ರೀಡಂ ವನ್, ಹಬಲ್‌ನಂಥ ಸ್ಥಳೀಯ ಹೆಸರುಗಳಿವೆ. ಪೈಲಾನ್‌ಟೆಕ್, ಡೈನೆಸ್, ಡೆಯೆ ಹಲವು ದೇಶಗಳಲ್ಲಿ ಓಡುತ್ತವೆ. ನೈಜೀರಿಯಾದಲ್ಲಿ ಫೆಲಿಸಿಟಿ ಹೆಚ್ಚು ಕಾಣುತ್ತದೆ. ಹೆಸರು ನೋಡಿ ನಂಬಬೇಡಿ. ಕೊಳ್ಳುವ ಮೊದಲು ಸರ್ವಿಸ್ ನಂಬರಿಗೆ ಫೋನ್ ಮಾಡಿ. 'ಬಿಎಂಎಸ್ ಬೋರ್ಡ್ ಕೆಟ್ಟರೆ ನಿಮ್ಮಲ್ಲಿ ಸ್ಟಾಕ್ ಇದೆಯಾ?' ಎಂದು ಕೇಳಿ. ಉತ್ತರ ಕೊಡುವ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಹೆಜ್ಜೆ 7: ಅಂಗಡಿಯಲ್ಲೇ ಪರೀಕ್ಷೆ

ತೂಕ ಹಾಕಿಸಿ. 5 ಯೂನಿಟ್‌ನ ಎಲ್‌ಎಫ್‌ಪಿ ಬ್ಯಾಟರಿ ಸಾಮಾನ್ಯವಾಗಿ 40ರಿಂದ 50 ಕಿಲೋ ಇರುತ್ತದೆ. 30 ಕಿಲೋ ಬಂದರೆ ಒಳಗೆ ಹೇಳಿದಷ್ಟು ಸೆಲ್ ಇಲ್ಲ. ಐಇಸಿ 62619 ಸುರಕ್ಷತಾ ಪ್ರಮಾಣಪತ್ರ ಮತ್ತು ಸಾಗಾಣಿಕೆಗೆ ಬೇಕಾದ ಯುಎನ್ 38.3 ಪರೀಕ್ಷಾ ವರದಿ ಕೇಳಿ, ಅದರಲ್ಲಿರುವ ಮಾಡೆಲ್ ನಂಬರ್ ಡಬ್ಬದ ನಂಬರಿಗೆ ಹೊಂದುತ್ತದೆಯೇ ನೋಡಿ. ಬರೀ ಸಿಇ ಗುರುತನ್ನು ನಂಬಬೇಡಿ, ಅದನ್ನು ತಯಾರಕರೇ ಹಾಕಿಕೊಂಡಿರಬಹುದು. ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿ ಅಸಲಿಯೇ ಎಂದು ಖಚಿತ ಮಾಡಿಕೊಳ್ಳಿ. ಆ್ಯಪ್‌ನಲ್ಲಿ ಸೆಲ್ ವೋಲ್ಟೇಜ್ ತೋರಿಸಲು ಹೇಳಿ. ಅರ್ಧ ಚಾರ್ಜಿನಲ್ಲಿ ಸುಮ್ಮನಿರುವಾಗ ಹದಿನಾರು ಸೆಲ್‌ಗಳ ನಡುವಿನ ವ್ಯತ್ಯಾಸ 20-30 ಮಿಲಿವೋಲ್ಟ್ ಒಳಗಿರಬೇಕು.

ಹೆಜ್ಜೆ 8: ಅಳವಡಿಕೆ

ಕೀನ್ಯಾದಲ್ಲಿ ಅಲ್ಲಿನ ಇಂಧನ ನಿಯಂತ್ರಣ ಸಂಸ್ಥೆ ಇಪಿಆರ್‌ಎಯ ಲೈಸೆನ್ಸ್ ಇರುವ ಸೋಲಾರ್ ಟೆಕ್ನಿಷಿಯನ್‌ನನ್ನೇ ಕರೆಯಿರಿ. ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮುಗಿದ ಮೇಲೆ ವಿದ್ಯುತ್ ಅನುಸರಣಾ ಪ್ರಮಾಣಪತ್ರ ಪಡೆಯಿರಿ, ಇಲ್ಲದಿದ್ದರೆ ಮನೆ ವಿಮೆ ಕ್ಲೇಮಿಗೆ ತೊಂದರೆ ಆಗಬಹುದು.

5 ಕಿಲೋವ್ಯಾಟಿಗೆ 48 ವೋಲ್ಟಿನಲ್ಲಿ ಸುಮಾರು 100 ಆಂಪಿಯರ್ ಹರಿಯುತ್ತದೆ. ಬ್ಯಾಟರಿ ತಂತಿ 35 ಚದರ ಮಿಲಿಮೀಟರ್ ತಾಮ್ರದ್ದಿರಲಿ. ಫ್ಯೂಸ್ ಅಥವಾ ಬ್ರೇಕರ್, ಬ್ಯಾಟರಿ ಕೊಡುವ ಡಿಸಿ ಕರೆಂಟಿಗೆಂದೇ ಮಾಡಿದ್ದಾಗಿರಲಿ. ದುಡ್ಡು ಉಳಿಸಲು ಗ್ರಿಡ್ಡಿನ ಎಸಿ ಕರೆಂಟಿಗೆ ಮಾಡಿದ ಬ್ರೇಕರ್ ಹಾಕುವವರಿದ್ದಾರೆ. ಅದು ಡಿಸಿ ಕಿಡಿಯನ್ನು ಆರಿಸಲಾರದು, ಅಲ್ಲೇ ಉರಿಯುತ್ತದೆ. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಒಪ್ಪಬೇಡಿ.

ವಿಕ್ಟೋರಿಯಾ ಸರೋವರದ ಸುತ್ತಮುತ್ತ ಮತ್ತು ಪೂರ್ವ ಕಾಂಗೋ, ಜಗತ್ತಿನಲ್ಲೇ ಅತಿ ಹೆಚ್ಚು ಮಿಂಚು ಹೊಡೆಯುವ ಜಾಗಗಳಲ್ಲಿ ಸೇರಿವೆ. ಹೈವೆಲ್ಡ್‌ನ ಬೇಸಿಗೆ ಗುಡುಗೂ ಕಡಿಮೆಯಲ್ಲ. ಪ್ಯಾನೆಲ್ ಬದಿಗೂ ಗ್ರಿಡ್ ಬದಿಗೂ ಟೈಪ್ 2 ಸರ್ಜ್ ತಡೆ (ದಿಢೀರ್ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿಸಿ, ಅರ್ಥಿಂಗ್ ಸರಿಯಾಗಿ ಮಾಡಿಸಿ. ಅರ್ಥಿಂಗ್ ಇಲ್ಲದ ಸರ್ಜ್ ತಡೆ ಕೆಲಸಕ್ಕೆ ಬರುವುದಿಲ್ಲ. ಕರಾವಳಿಯವರು ಬಿಗಿಮಾಡಿದ ತಾಮ್ರದ ಜೋಡಣೆಗಳ ಮೇಲೆ ಉಪ್ಪುಗಾಳಿ ತಡೆಯುವ ಲೇಪ ಹಚ್ಚಿಸಿ. ಕೇಬಲ್ ತೂರುವ ರಂಧ್ರ ಮುಚ್ಚಿಸಿ, ಇರುವೆ, ಹಲ್ಲಿ ಒಳಗೆ ಸೇರುತ್ತವೆ.

ಚಿಕ್ಕ ಪೆಟ್ರೋಲ್ ಜನರೇಟರ್ ಕೂಡ ಇದ್ದರೆ ಇನ್ವರ್ಟರಿನಲ್ಲಿ ಎಸಿ ಚಾರ್ಜ್ ಮಿತಿ ಇಳಿಸಿ. 2.5 ಕೆವಿಎ ಯಂತ್ರಕ್ಕೆ ಬ್ಯಾಟರಿ ಬದಿಯಲ್ಲಿ 25 ಆಂಪಿಯರ್ ಸಾಕು, ಅದೇ 1.3 ಕಿಲೋವ್ಯಾಟ್ ಆಗುತ್ತದೆ.

ಹೆಜ್ಜೆ 9: ಮೊದಲ ತಿಂಗಳು

ಮೊದಲ ವಾರವೇ ಸಾಮರ್ಥ್ಯ ಪರೀಕ್ಷೆ ಮಾಡಿ. ಬ್ಯಾಟರಿ ಪೂರ್ತಿ ತುಂಬಿಸಿ, ಪ್ಯಾನೆಲ್, ಗ್ರಿಡ್ ಎರಡನ್ನೂ ಆಫ್ ಮಾಡಿ. ಯೂನಿಟ್ ಎಣಿಸುವ ಪ್ಲಗ್ ಮೀಟರಿನ ಮೂಲಕ ಸುಮಾರು 1 ಕಿಲೋವ್ಯಾಟಿನ ಹೀಟರೋ ಇಸ್ತ್ರಿಯೋ ಓಡಿಸಿ, ಬ್ಯಾಟರಿ ತಾನಾಗಿ ಕಟ್ ಆಗುವವರೆಗೆ ಪಕ್ಕದಲ್ಲೇ ಇರಿ. 5.12 ಯೂನಿಟ್ ಬ್ಯಾಟರಿಗೆ ಮೀಟರ್ 4.4 ಆಸುಪಾಸು ತೋರಿಸಬೇಕು. 4ಕ್ಕಿಂತ ಕಡಿಮೆ ಬಂದರೆ ಫೋಟೋ ತೆಗೆದು ಆ ದಿನವೇ ಮಾರಿದವರಿಗೆ ಕಳಿಸಿ. ಬದಲಿ ಕೇಳುವ ಬಲ ಆಗಷ್ಟೇ ನಿಮ್ಮ ಕೈಯಲ್ಲಿರುತ್ತದೆ.

ನಂತರ ಕನಿಷ್ಠ ಮಟ್ಟವನ್ನು ಶೇ. 20ಕ್ಕೆ ಇಡಿ. ದಿನಾ ಶೇ. 100 ಮುಟ್ಟಿಸಿ ಸೆಕೆಯಲ್ಲಿ ಹಾಗೇ ಕೂರಿಸುವುದು ಬ್ಯಾಟರಿಗೆ ಒಳ್ಳೆಯದಲ್ಲ. ಕರೆಂಟು ಅಪರೂಪಕ್ಕೆ ಹೋಗುವ ಊರಾದರೆ ಮೇಲಿನ ಮಿತಿ 90 ಸಾಕು. ಆದರೆ ಎರಡು ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿ. ಸೆಲ್‌ಗಳು ಸಮ ಆಗುವುದೂ, ಬಿಎಂಎಸ್‌ನ ಲೆಕ್ಕ ಸರಿಯಾಗುವುದೂ ಆಗಲೇ.

ರಜೆಗೆ ಊರಿಗೆ ಬರುವಾಗ ಖಾಲಿ ಬ್ಯಾಟರಿ ಆಫ್ ಮಾಡಿ ಬರಬೇಡಿ. ಬಿಎಂಎಸ್ ತಾನೇ ಸ್ವಲ್ಪ ಸ್ವಲ್ಪ ಎಳೆಯುತ್ತಿರುತ್ತದೆ. ಎರಡು ತಿಂಗಳಾದ ಮೇಲೆ ಬ್ಯಾಟರಿ ಎಚ್ಚರವಾಗದೆ ಹೋಗಬಹುದು. ಫ್ರಿಜ್ ಖಾಲಿ ಮಾಡಿ, ಬ್ಯಾಟರಿ ಶೇ. 50-60ರಲ್ಲಿ ಇರುವಾಗ ಮೊದಲು ಇನ್ವರ್ಟರ್, ಆಮೇಲೆ ಬ್ಯಾಟರಿಯ ಬ್ರೇಕರ್ ಆಫ್ ಮಾಡಿ, ಕೋಣೆಯ ಗಾಳಿಕಿಂಡಿ ತೆರೆದೇ ಇರಲಿ.